ರಾಟೆಗೆ ನೇತಾಡಿದ ನೈಟ್

ಲಾರೆನ್ಸ್ ಒಲಿವಿಯರ್ ತಾನೇ ನಿರ್ದೇಶಿಸಿ ನಟಿಸಿದ ‘ಹೆನ್ರಿ ದಿ ಫಿಫ್ತ್’ (1944) ನನಗಿಷ್ಟದ ಸಿನಿಮಾ. ಆದ್ರೆ ಒಂದು ದೃಶ್ಯ ಬಂದಾಗಲೆಲ್ಲ ಮೈ ಉರಿಯುತ್ತೆ. 1415ರ ಅಜಿನ್‌ಕೋರ್ಟ್ ಯುದ್ಧಕ್ಕೆ ಮುಂಚೆ, ಕವಚ ತೊಟ್ಟ ಫ್ರೆಂಚ್ ನೈಟ್‌ನನ್ನು ರಾಟೆಗೆ ಕಟ್ಟಿ, ಮೂಟೆ ಇಳಿಸಿದ ಹಾಗೆ ಕುದುರೆ ಮೇಲೆ ಇಳಿಸ್ತಾರೆ.

ಕುದುರೆ ಹತ್ತೋಕೂ ಆಗದ ಕವಚ ಮಾಡುವಷ್ಟು ದಡ್ಡರಾ ಆ ಕಮ್ಮಾರರು? ಮೊದಲಿದ್ದದ್ದು ಕಬ್ಬಿಣದ ಉಂಗುರ ಹೆಣೆದ ಅಂಗಿ. ಭಾರವೆಲ್ಲ ಹೆಚ್ಚಾಗಿ ಹೆಗಲ ಮೇಲೆ. 13–14ನೇ ಶತಮಾನಗಳಲ್ಲಿ ಮೊಣಕಾಲು, ಮೊಣಕೈ, ಎದೆ ಅಂತ ಒಂದೊಂದೇ ಕಡೆ ಲೋಹದ ತಗಡು ಬಂತು. ಅಜಿನ್‌ಕೋರ್ಟ್ ಹೊತ್ತಿಗೆ ಮೈತುಂಬ. ಅಂಥ ಕವಚ ಸುಮಾರು 20–25 ಕಿಲೋ ತೂಗುತ್ತಿತ್ತು. ಆದರೆ ಆ ತೂಕ ಮೈಗೆಲ್ಲ ಹಂಚಿಹೋಗುತ್ತಿತ್ತು. (ಟ್ರೆಕ್ಕಿಂಗ್ ಬ್ಯಾಗಿನ ಸೊಂಟದ ಬೆಲ್ಟ್ ಬಿಗಿದವರಿಗೆ ಈ ಸುಖ ಗೊತ್ತು.) ಕೀಲುಗಳಿರುವಲ್ಲಿ ಒಂದರ ಮೇಲೊಂದು ಜಾರುವ ಪಟ್ಟಿಗಳು. ಇದೇ ಯುದ್ಧದಲ್ಲಿ ಸೆರೆಸಿಕ್ಕ ಫ್ರೆಂಚ್ ಸೇನಾನಿ ಬೂಸಿಕೋ, ಹರೆಯದಲ್ಲಿ ಶಿರಸ್ತ್ರಾಣವೊಂದನ್ನು ಬಿಟ್ಟು ಪೂರ್ತಿ ಕವಚದಲ್ಲೇ ಲಾಗ ಹಾಕ್ತಿದ್ದ ಅಂತ ಅವನು ಬದುಕಿದ್ದಾಗಲೇ ಬರೆದ ಜೀವನಚರಿತ್ರೆ ಹೇಳುತ್ತೆ.

ಫ್ರೆಂಚರನ್ನು ಕೆಡವಿದ್ದು ಕೆಸರು, ನೂಕುನುಗ್ಗಲು, ಬಾಣ. ಆಮೇಲೆ ಸೆರೆಯಾಳುಗಳನ್ನು ಕೊಲ್ಲಿ ಅಂತ ಹೆನ್ರಿ ಆಜ್ಞೆ ಕೊಟ್ಟ. ಶೇಕ್ಸ್‌ಪಿಯರ್ ನಾಟಕದಲ್ಲೂ ಅದಿದೆ. ಯುದ್ಧಕಾಲದ ಇಂಗ್ಲೆಂಡಿಗೆ ಅಂಥ ನಾಯಕ ಬೇಡವಾಗಿದ್ದ. ಒಲಿವಿಯರ್ ಅದನ್ನು ಕತ್ತರಿಸಿದ. ನಾಟಕದಲ್ಲಿಲ್ಲದ ರಾಟೆಯನ್ನು ಸೇರಿಸಿದ.