ಆಷಾಢದಲ್ಲಿ ನೀಲಿ ಆಕಾಶ

ಖಾನಾಪುರ ತಾಲ್ಲೂಕಿನ ಮಳೆಗಾಲವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಷ್ಟೇ ಕಂಡವರಿಗೆ ಅಲ್ಲಿ ಮಳೆಯೇ ಬರುವುದಿಲ್ಲವೇನೋ ಎಂಬ ಅನುಮಾನ ಬರಬೇಕು. ಗದ್ದೆಗೆ ಗಿಳಿಹಸಿರು, ಆಕಾಶಕ್ಕೆ ಕಡುನೀಲಿ, ಕೆರೆಗೂ ಅದೇ ನೀಲಿ. ಅದೇ ತಾಲ್ಲೂಕಿನ ಬೀಡಿಯಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತು, ಮಿರಗದ ಮಳೆ ಹಿಡಿದ ಮೇಲೆ ನಮ್ಮ ಆಕಾಶಕ್ಕಿರುವುದು ಬೂದಿ ಬಣ್ಣ. ಪಶ್ಚಿಮಕ್ಕೆ ಹೋದರೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಕಣಕುಂಬಿ. ಪೂರ್ವಕ್ಕೆ ಕಿತ್ತೂರು ದಾಟಿದರೆ ಬಯಲುಸೀಮೆ. ನಡುವೆ ಸಿಕ್ಕ ಬೀಡಿ ಹೋಬಳಿಯಲ್ಲಿ ಆಷಾಢವೆಂದರೆ ಜಿಟಿಜಿಟಿ, ಮಬ್ಬು, ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚುವ ಕತ್ತಲೆ. ಆ ಮಬ್ಬನ್ನು ಫೋಟೋದಲ್ಲಿ ಇರಗೊಡಬಾರದೆಂದು ಯಾರು ಹೇಳಿದರೋ ತಿಳಿಯದು.

ಇಷ್ಟು ಹೇಳಲು ಕಾರಣ, ನಮ್ಮ ಬಳಗದ ಹವ್ಯಾಸಿಯೊಬ್ಬರ ಚಿತ್ರಗಳು. ಬೀಡಿ, ನಂದಗಡ, ಗೋಲಿಹಳ್ಳಿ, ಹಲಸಿ ಸುತ್ತಮುತ್ತ ಓಡಾಡುವ ಕೆಲಸ ಅವರದು. ದಿನಕ್ಕೊಂದು ಫೋಟೋ ತೆಗೆಯುತ್ತಾರೆ, ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲೇ ಎಡಿಟ್ ಮಾಡುತ್ತಾರೆ, ಬೆಳಿಗ್ಗೆ ಸ್ಟೇಟಸ್‌ಗೆ ಹಾಕುತ್ತಾರೆ. ಪುಣೆ, ಬೆಂಗಳೂರು ಸೇರಿದ ನಮ್ಮೂರ ಹುಡುಗರಿಗೆ ಅದೇ ದಿನದ ಊರು. ಈಚೆಗೆ ಅವರ ಸಂಗ್ರಹವನ್ನೆಲ್ಲ ಒಟ್ಟಿಗೆ ನೋಡುವ ಅವಕಾಶ ಸಿಕ್ಕಿತು. ಶ್ರದ್ಧೆಗೆ ಕೊರತೆಯಿಲ್ಲ, ಕಣ್ಣಿಗೂ ಕೊರತೆಯಿಲ್ಲ. ತಕರಾರಿರುವುದು ರಾತ್ರಿ ಊಟದ ನಂತರದ ಕೆಲಸದ ಬಗ್ಗೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಹಿರಿಯರೊಬ್ಬರು ಒಂದೇ ಮಾತಿನಲ್ಲಿ ವಿಮರ್ಶೆ ಮುಗಿಸಿದರು: “ಫೋಟೋ ಭಾಳ ಚಲೋ ಬಂದೈತ್ರಿ. ಆದ್ರ ಇದು ನಮ್ಮ ಕೆರಿ ಅಲ್ಲ.”

ದಿನಕ್ಕೊಂದು ಫೋಟೋ ಎಂಬುದು ಒಂದು ಚೆಂದದ ಫೋಟೋಕ್ಕಿಂತ ಬೇರೆಯದೇ ಜಾತಿಯ ಕೆಲಸ. ಇದರ ದೊಡ್ಡ ಉದಾಹರಣೆ ಅಮೆರಿಕದ ಜೇಮಿ ಲಿವಿಂಗ್‌ಸ್ಟನ್. 1979ರ ಮಾರ್ಚ್ 31ರಿಂದ ಆತ ದಿನಕ್ಕೆ ಒಂದೇ ಒಂದು ಪೋಲರಾಯ್ಡ್ ತೆಗೆಯತೊಡಗಿದ. ಚೆನ್ನಾಗಿ ಬರದಿದ್ದರೂ ಇನ್ನೊಂದಿಲ್ಲ. ಗೆಳೆಯರು, ಅಡುಗೆ, ಬೀದಿ, ಕೊನೆಗೆ ತನ್ನ ಕಾಯಿಲೆ, ಆಸ್ಪತ್ರೆ. 1997ರ ಅಕ್ಟೋಬರ್ 25ರಂದು, ತನ್ನ 41ನೇ ಹುಟ್ಟುಹಬ್ಬದ ದಿನ ತೀರಿಕೊಳ್ಳುವವರೆಗೂ ಅದು ನಡೆಯಿತು. ಆರು ಸಾವಿರಕ್ಕೂ ಮೀರಿದ ಆ ರಾಶಿಯಲ್ಲಿ ಬಿಡಿಯಾಗಿ ಗೋಡೆಗೆ ಹಾಕಿಕೊಳ್ಳಬಹುದಾದ ಚಿತ್ರಗಳು ಹೆಚ್ಚಿಲ್ಲ. ಎಷ್ಟೋ ಮಸುಕು, ಎಷ್ಟೋ ಸಪ್ಪೆ. ಆದರೂ ಸಾಲಾಗಿ ನೋಡುತ್ತ ಹೋದರೆ ನಿಲ್ಲಿಸಲಾಗುವುದಿಲ್ಲ. ಒಂದು ದಿನದ ಪಕ್ಕ ಇನ್ನೊಂದು ದಿನ ಕೂತಿರುವುದರಿಂದಲೇ ಅದಕ್ಕೆ ಆ ಬಲ. ಪೋಲರಾಯ್ಡ್‌ನಲ್ಲಿ ಕೈಯಾಡಿಸುವ ಅವಕಾಶ ಕಡಿಮೆ ಇದ್ದದ್ದೂ ಆತನಿಗೆ ಒಳ್ಳೆಯದೇ ಆಯಿತು.

ನಮ್ಮಲ್ಲಿ ಹೀಗೆ ನೇಮ ಹಿಡಿದು ತೆಗೆದವರನ್ನು ಹುಡುಕುವುದಕ್ಕಿಂತ, ಇದ್ದ ಜಾಗದಲ್ಲೇ ಮತ್ತೆ ಮತ್ತೆ ನೋಡಿದವರನ್ನು ನೆನೆಯುವುದು ಮೇಲು. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಫೋಟೋಕ್ಕಾಗಿ ದೇಶ ಸುತ್ತಲಿಲ್ಲ. ಮೂಡಿಗೆರೆಯ ತೋಟದ ಸುತ್ತಲೇ ತಾಳ್ಮೆಯಿಂದ ಕಾದರು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ವೃತ್ತಿಯಿಂದ ಪತ್ರಿಕಾ ಛಾಯಾಗ್ರಾಹಕರು, ಹವ್ಯಾಸಿಯಲ್ಲ ನಿಜ. ಆದರೆ ಅವರ ಕಪ್ಪುಬಿಳುಪು ಚಿತ್ರಗಳ ಮಕ್ಕಳು, ದುಡಿಯುವ ಜನ, ಬೀದಿಬದಿಯ ಬದುಕು ಇವತ್ತಿಗೂ ಹಳಸಿಲ್ಲ. ಸಾಮಾನ್ಯ ದಿನವನ್ನು ಸಾಮಾನ್ಯವಾಗಿಯೇ ತೋರಿಸುವ ಧೈರ್ಯ ಅವರಿಗಿತ್ತು. ದಿನಕ್ಕೊಂದು ಫೋಟೋ ತೆಗೆಯುವವರಿಗೆ ಮೊದಲು ಬೇಕಾದದ್ದು ಈ ಧೈರ್ಯ, ಆಮೇಲೆ ಕ್ಯಾಮೆರಾ.

ಎಡಿಟಿಂಗ್ ಎಂದರೆ ಮೋಸ ಎಂದು ನಾನು ಹೇಳುತ್ತಿಲ್ಲ. ಫಿಲ್ಮ್ ಕಾಲದ ಸ್ಟುಡಿಯೋಗಳಲ್ಲೂ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮುಖದ ಕಲೆ ತೆಗೆಯುತ್ತಿದ್ದರು. ಮದುವೆಯ ಕಪ್ಪುಬಿಳುಪು ಫೋಟೋಕ್ಕೆ ಕೈಯಿಂದ ಬಣ್ಣ ಹಾಕಿಕೊಡುತ್ತಿದ್ದರು. ಇವತ್ತಿನ ಮೊಬೈಲಂತೂ ನಾವು ಮುಟ್ಟುವ ಮೊದಲೇ ಎಡಿಟ್ ಮುಗಿಸಿರುತ್ತದೆ. ನಾವು ಒಮ್ಮೆ ಒತ್ತಿದರೆ ಅದು ಹಲವು ಫ್ರೇಮ್ ಹಿಡಿದು, ಒಂದರ ಬೆಳಕು ಇನ್ನೊಂದರ ನೆರಳು ಸೇರಿಸಿ, ‘ಇದು ಗಿಡ’ ಎಂದು ತಾನೇ ಗುರುತಿಸಿ ಹಸಿರು ಏರಿಸಿ ಕೊಡುತ್ತದೆ. ಬೀಡಿಯ ಮಳೆಗಾಲದ ಸಂಜೆ ನಾಲ್ಕರ ಕತ್ತಲನ್ನು ಅದು ದೋಷವೆಂದೇ ತಿಳಿಯುತ್ತದೆ. ಹೀಗಾಗಿ ನಮ್ಮ ಹವ್ಯಾಸಿ ಮಲಗುವ ಮುಂಚೆ ಬಣ್ಣ ಹೆಚ್ಚಿಸುವುದು, ಆಗಲೇ ಉಪ್ಪು ಬಿದ್ದ ಸಾರಿಗೆ ಮತ್ತೆ ಉಪ್ಪು ಹಾಕಿದಂತೆ.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಮಳೆ ಇನ್ನೂ ಹಿಡಿಯದ ದಿನಗಳ ಭತ್ತದ ಬಿತ್ತನೆ. ಎತ್ತು ಹೂಡಿದ ಕೂರಿಗೆ, ಹಿಂದೆ ಬಟ್ಟಲಿಗೆ ಬೀಜ ಬಿಡುತ್ತ ನಡೆಯುವ ಹೆಂಗಸು, ಅಂಚಿನಲ್ಲಿ ಪಂಪ್‌ಸೆಟ್ಟಿಗೆ ಹೋಗುವ ಕರೆಂಟ್ ಕಂಬ. ಮೂಲ ಫೋಟೋದಲ್ಲಿ ಹೊಲದ ಅಂಚು ವಾರೆಯಾಗಿದೆ, ಮೇಲೆ ಅರ್ಧ ಫೋಟೋ ಬರೀ ಖಾಲಿ ಆಕಾಶ, ಸೆರಗು ಹೊದ್ದ ಹೆಂಗಸಿನ ಮುಖ ನೆರಳಲ್ಲಿ. ನಮ್ಮವರು ಮೊದಲು ವಾರೆ ತಿದ್ದಿದರು, ಆಕಾಶವನ್ನು ಕತ್ತರಿಸಿದರು, ನೆರಳನ್ನು ಸ್ವಲ್ಪ ಎತ್ತಿದರು. ಬೀಜ ಬಿಡುವ ಮುಷ್ಟಿಯ ಮೇಲೆ ಅವಳ ಕಣ್ಣು ನೆಟ್ಟಿರುವುದು ಆಗಲೇ ಕಾಣಿಸಿದ್ದು. ಇಲ್ಲಿಯವರೆಗೆ ಮಾಡಿದ್ದೆಲ್ಲ ಸರಿ, ಸರಿಯಷ್ಟೇ ಅಲ್ಲ, ಜಾಣತನದ ಕೆಲಸ. ಇದ್ದದ್ದನ್ನು ಇನ್ನಷ್ಟು ಕಾಣಿಸಿತು.

ಅಲ್ಲಿಗೆ ಕೈ ನಿಲ್ಲಲಿಲ್ಲ. ಬಣ್ಣದ ಗೆರೆಯನ್ನು ಬಲಕ್ಕೆ ಎಳೆದರು. ಕೆಮ್ಮಣ್ಣು ಕೇಸರಿಯಾಯಿತು, ಎತ್ತಿನ ಬಿಳಿ ಮೈಗೆ ನೀಲಿ ಛಾಯೆ ಬಂತು. ಸ್ನ್ಯಾಪ್‌ಸೀಡ್‌ನಂಥ ಆ್ಯಪಿನಲ್ಲಿ ಬೇಡದ್ದನ್ನು ಒರೆಸುವ ಸಲಕರಣೆ ಇದೆಯಲ್ಲ, ಅದರಿಂದ ಕಂಬವನ್ನೂ ತಂತಿಯನ್ನೂ ಅಳಿಸಿದರು. ಕಂಬ ಹೋದದ್ದೇ ತಡ, ಫೋಟೋ ನಲವತ್ತು ವರ್ಷ ಹಿಂದಕ್ಕೆ ಸರಿಯಿತು. ಈಗ ಅದು ಕ್ಯಾಲೆಂಡರಿನ ರೈತ. ಯಾವ ಊರೂ ಆಗಬಹುದು, ಯಾವ ಕಾಲವೂ ಆಗಬಹುದು. ಟ್ರ್ಯಾಕ್ಟರ್ ಕೂರಿಗೆ ಬಂದ ಕಾಲದಲ್ಲೂ ಈ ಮನೆಯವರು ಎತ್ತನ್ನೇ ಹೂಡಿದ್ದಾರೆ, ಪಂಪ್‌ಸೆಟ್ ಇದ್ದೂ ಬಿತ್ತನೆಗೆ ಮಳೆಯನ್ನೇ ನಂಬಿದ್ದಾರೆ. ಚಿತ್ರದಲ್ಲಿ ನಿಜಕ್ಕೂ ಕುತೂಹಲ ಹುಟ್ಟಿಸುತ್ತಿದ್ದದ್ದು ಇದೇ, ಅದನ್ನು ಹೇಳುತ್ತಿದ್ದದ್ದು ಆ ಕಂಬವೇ. ದಿನದ ಫೋಟೋಕ್ಕೆ ಇರುವ ಆಸ್ತಿ ಒಂದೇ, ಅದರ ತಾರೀಖು. ಅದನ್ನು ಅಳಿಸುವ ಎಡಿಟಿಂಗ್ ಎಷ್ಟು ನಾಜೂಕಾಗಿದ್ದರೂ ಹವ್ಯಾಸದ ಬುಡಕ್ಕೇ ಕೊಡಲಿ.

ತಾರೀಖು ಹೋಗುವುದಕ್ಕೆ ಇನ್ನೊಂದು ದಾರಿಯೂ ಇದೆ, ಅದು ಬಹಳ ಜನರಿಗೆ ಗೊತ್ತಾಗುವುದೇ ಇಲ್ಲ. ಕ್ಯಾಮೆರಾ ತೆಗೆದ ಪ್ರತಿ ಫೈಲಿನೊಳಗೆ ದಿನ, ಗಂಟೆ, ಲೆನ್ಸು, ಎಕ್ಸ್‌ಪೋಷರ್, ಅನುಮತಿ ಕೊಟ್ಟಿದ್ದರೆ ಜಾಗ ಕೂಡ ದಾಖಲಾಗಿರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಮಾಮೂಲಿ ಫೋಟೋವಾಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುವುದಲ್ಲದೆ ಈ ದಾಖಲೆಯನ್ನೂ ಕಿತ್ತುಹಾಕುತ್ತದೆ. ನಮ್ಮ ಹವ್ಯಾಸಿ ಜಾಗ ಸಾಲದೆಂದು ಮೊದಮೊದಲ ಮೂಲ ಫೋಟೋಗಳನ್ನು ಅಳಿಸಿ, ಗ್ರೂಪಿನಿಂದ ವಾಪಸು ಇಳಿಸಿಕೊಂಡ ಪ್ರತಿಗಳನ್ನಷ್ಟೇ ಇಟ್ಟುಕೊಂಡಿದ್ದರು. ಆ ಫೈಲಿನ ಹೆಸರಿನಲ್ಲಿರುವುದು ಇಳಿದ ದಿನವೇ ಹೊರತು ತೆಗೆದ ದಿನವಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಿನ ಎತ್ತು ಹಿಡಿದು ಕೂತ ಒಂದು ಒಳ್ಳೆಯ ಚಿತ್ರವಿದೆ. ಅದು ಯಾವ ವರ್ಷದ್ದೆಂದು ಈಗ ಮಕ್ಕಳ ಎತ್ತರ ನೋಡಿ ಅಂದಾಜು ಮಾಡಬೇಕಾಗಿದೆ. ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಈ ತೊಂದರೆ ಇರಲಿಲ್ಲ. ಮೂಲವನ್ನು ಒಂದು ಹಾರ್ಡ್‌ಡಿಸ್ಕಿನಲ್ಲಿ ತಿಂಗಳವಾರು ಹಾಕಿಟ್ಟಿದ್ದರಂತೂ ಚಿಂತೆಯೇ ಇರುತ್ತಿರಲಿಲ್ಲ.

ಎಷ್ಟು ತಿದ್ದಬಹುದು ಎಂಬ ಪ್ರಶ್ನೆಗೆ ಸ್ಪರ್ಧೆಗಳ ಲೋಕ ಒಂದು ಉತ್ತರ ಕಂಡುಕೊಂಡಿದೆ. ಅಂತರರಾಷ್ಟ್ರೀಯ ಫೋಟೋಗ್ರಫಿ ಸಂಸ್ಥೆಗಳು ಒಪ್ಪಿದ ಪ್ರಕೃತಿ ವಿಭಾಗದ ನಿಯಮದಲ್ಲಿ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಜಾಗ ಬದಲಿಸುವಂತಿಲ್ಲ. ಅಂಚು ಕತ್ತರಿಸುವುದು, ಬೆಳಕು ಸರಿಪಡಿಸುವುದಕ್ಕೆ ಅಡ್ಡಿಯಿಲ್ಲ. ನಮ್ಮ ದಿನದ ಫೋಟೋಕ್ಕೆ ಈ ನಿಯಮ ಅಳತೆ ಕೊಟ್ಟು ಹೊಲಿಸಿದ ಹಾಗಿದೆ, ಒಂದು ತುಂಡು ಬಿಟ್ಟು. ಮನುಷ್ಯನ ಕೈವಾಡ ಚಿತ್ರದಲ್ಲಿ ಕಾಣಬಾರದು, ಪ್ರಕೃತಿಯ ಕತೆಗೆ ಅಗತ್ಯವಿದ್ದರೆ ಮಾತ್ರ ವಿನಾಯಿತಿ ಎನ್ನುತ್ತದೆ ಅದು. ಖಾನಾಪುರ ತಾಲ್ಲೂಕಿಗೆ ಇದು ಒಗ್ಗುವುದಿಲ್ಲ. 2011ರಲ್ಲಿ ಅಭಯಾರಣ್ಯವೆಂದು ಘೋಷಣೆಯಾದ ಭೀಮಗಡದ ಒಳಗೂ ಊರುಗಳಿವೆ, ದನ ಮೇಯುತ್ತವೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಕಾಡಂಚಿನ ಭತ್ತಕ್ಕೆ ನುಗ್ಗಿದ ಆನೆಯನ್ನು ತೋರಿಸಿ, ರೈತ ಕಟ್ಟಿದ ಅಟ್ಟವನ್ನು ಬಿಟ್ಟರೆ ಆನೆಯ ಕತೆಯೂ ಅರ್ಧವೇ.

ಹಲಸಿಯ ಚಿತ್ರಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಕದಂಬರ ಕಾಲದ ಊರು, ಭೂವರಾಹ ನರಸಿಂಹ ದೇವಸ್ಥಾನ ಅಲ್ಲಿನ ಹೆಮ್ಮೆ. ನರಸಿಂಹನೂ ವರಾಹನೂ ಎದುರುಬದುರು ಗರ್ಭಗುಡಿಗಳಲ್ಲಿ ಇರುವುದು ಅದರ ವಿಶೇಷ. ನಮ್ಮವರು ಆ ಎದುರುಬದುರನ್ನು ಒಮ್ಮೆಯೂ ಹಿಡಿದಿಲ್ಲ. ಹೊರಗಿನ ಗೋಪುರ, ಹಿಂದೆ ಆ್ಯಪಿನಿಂದ ತಂದು ಅಂಟಿಸಿದ ಸೂರ್ಯಾಸ್ತ. ನೆರಳು ಒಂದು ಕಡೆ, ಸೂರ್ಯ ಇನ್ನೊಂದು ಕಡೆ. ಇಂಥವನ್ನು ಸುಮ್ಮನೆ ಡಿಲೀಟ್ ಮಾಡುವುದೂ ಎಡಿಟಿಂಗೇ.

ಬಸ್‌ಸ್ಟ್ಯಾಂಡಿನ ಫೋಟೋಗಳ ಸಾಲು ಮಾತ್ರ ಅಪ್ಪಟ. ಒಂದೇ ಜಾಗದಲ್ಲಿ ನಿಂತು, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೆಗೆದವು. ಬೇಸಿಗೆಯಲ್ಲಿ ನೆರಳಿನ ಪಟ್ಟಿಯೊಳಗೆ ಒತ್ತೊತ್ತಾಗಿ ನಿಂತ ಜನ; ಮಳೆಗಾಲದಲ್ಲಿ ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡು ಬಂದ ಮುದುಕ; ಖಾನಾಪುರದ ಕಾಲೇಜಿಗೆ ಹೋಗುವ ಹುಡುಗಿಯರ ಗುಂಪು; ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತು ಬಸ್ಸು ತಡವಾದ ದಿನ. ಗೋಡೆಯ ಮೇಲಿನ ಪೋಸ್ಟರುಗಳು ಮಾತ್ರ ಬದಲಾಗುತ್ತಲೇ ಇವೆ: ಚುನಾವಣೆ, ಕುಸ್ತಿ, ನಾಟಕ, ಕೋಚಿಂಗ್ ಕ್ಲಾಸು. ಇವುಗಳ ಮೇಲೆ ಎಡಿಟಿಂಗ್ ಅಷ್ಟಾಗಿ ನಡೆದಿಲ್ಲ. ಕೇಳಿದರೆ, “ಅವು ಅಷ್ಟೇನೂ ಚಲೋ ಇಲ್ರಿ, ಬರೀ ಟೈಮ್ ಇಲ್ಲದ ದಿನ ತೆಗೆದದ್ದು” ಅಂದರು. ಸಂಗ್ರಹದಲ್ಲಿ ಪುಸ್ತಕವಾಗಬಲ್ಲದ್ದು ಇದೊಂದೇ ಸಾಲು ಎಂದು ನಾನು ಹೇಳಿದ್ದನ್ನು ಅವರು ನಂಬಿದಂತೆ ಕಾಣಲಿಲ್ಲ.

ಮುಖಗಳ ವಿಷಯಕ್ಕೆ ಬಂದರೆ ನನ್ನ ಗಟ್ಟಿತನ ಸ್ವಲ್ಪ ಸಡಿಲುತ್ತದೆ. ಹೊಲದಲ್ಲಿ ಬಗ್ಗಿ ನಿಂತ ಹೆಂಗಸರ ಬೆನ್ನು ನಮ್ಮ ಹವ್ಯಾಸಿಯ ಸಂಗ್ರಹದಲ್ಲಿ ಬೇಕಾದಷ್ಟಿದೆ, ಮುಖ ಕಡಿಮೆ. ಕಾರಣ ಇದು: ಮುಖ ತೆಗೆದರೆ ಕೇಳಿ ತೆಗೆಯಬೇಕು, ತೆಗೆದ ಮೇಲೆ ತೋರಿಸಬೇಕು, ತೋರಿಸಿದರೆ “ಜರ್ರ ಬೆಳ್ಳಗ ಮಾಡ್ರಿ” ಎಂಬ ಬೇಡಿಕೆ ಬರುತ್ತದೆ. ಬಿಸಿಲಲ್ಲಿ ದುಡಿದ ಚರ್ಮದ ಸತ್ಯದ ಬಗ್ಗೆ ಆಕೆಗೆ ಭಾಷಣ ಮಾಡಲು ಫೋಟೋ ತೆಗೆದವನು ಯಾರು? ಆಕೆಯ ಮುಖ, ಆಕೆಯ ಗೋಡೆ. ಅವಳು ಕೇಳಿದಂತೆ ತಿದ್ದಿ ಒಂದು ಪ್ರಿಂಟ್ ಹಾಕಿಸಿ ಕೊಡಲಿ, ತಪ್ಪೇನಿಲ್ಲ. ತಿದ್ದದ ಪ್ರತಿ ತಾರೀಖಿನ ಸಮೇತ ತನ್ನ ಹತ್ತಿರ ಇರಲಿ. ಬೆನ್ನುಗಳನ್ನೇ ತೆಗೆಯುತ್ತ ಹೋದರೆ ಈ ಜಂಜಾಟವಿಲ್ಲ ನಿಜ. ಆದರೆ ನಮ್ಮ ಹೋಬಳಿಯ ಇಷ್ಟು ದಿನಗಳ ದಾಖಲೆಯಲ್ಲಿ ದುಡಿದವರ ಗುರುತೇ ಸಿಗದೆ, ಕೆರೆಯ ಮೇಲಿನ ಸುಳ್ಳು ನೀಲಿಯೊಂದೇ ಎದ್ದು ಕಾಣುತ್ತದೆ.