ಆರು ಸಾವಿರ ಒಡ್ಡರು, ಒಬ್ಬಳು ರೂಪ್ಲಿ

ತರೀಕೆರೆಯ ಏರಿಯ ಮೇಲೆ ಮೇಯುವ ಕುರಿಮರಿಗಳನ್ನು ಕುರಿತ ನಾಲಗೆತೊಡಕಿನ ಮಾತನ್ನು ಬಾಲ್ಯದಲ್ಲಿ ಹೇಳಲು ಹೋಗಿ ಸೋಲದ ಕನ್ನಡಿಗರು ವಿರಳ. ಆ ಕುರಿಗಳೆಷ್ಟು, ಅವುಗಳ ಬಣ್ಣವೇನು ಎಂಬುದು ನಮಗೆಲ್ಲ ಕಂಠಪಾಠ. ಆ ಏರಿಗೆ ಮಣ್ಣು ಹೊತ್ತು ಹಾಕಿದವರಾರು ಎಂಬ ಪ್ರಶ್ನೆ ಮಾತ್ರ ಹೇಳುವವರಿಗೂ ಹೊಳೆದಂತಿಲ್ಲ, ಕೇಳುವವರಿಗೂ ಹೊಳೆದಂತಿಲ್ಲ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನನಗೂ ಅದು ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳುವುದೇ ಮೇಲು. ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ನನ್ನನ್ನು ಆ ಕಡೆಗೆ ತಿರುಗಿಸಿತು.

ಅಂದು ನಾನು ಮದಗದ ಕೆರೆಯ ಹಾಡನ್ನು ಪಾಠ ಮಾಡುತ್ತಿದ್ದೆ. ಕಡೂರು ತಾಲ್ಲೂಕಿನ ಆ ಕೆರೆಯಲ್ಲಿ ನೀರು ನಿಲ್ಲದ ವರ್ಷಗಳುಂಟು. ಆದರೆ ನಮ್ಮ ಜನಪದ ಕಾವ್ಯದಲ್ಲಿ ಅದು ಎಂದೂ ಬತ್ತಿಲ್ಲ. ಹಾಡಿನಲ್ಲಿ ಒಡ್ಡರನ್ನು ಕರೆಸುವ ಮಾತು ಬಂದೊಡನೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಮುಂದಕ್ಕೂ ಹಬ್ಬಿತು. ಗೋಡೆಯ ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬ ತಲೆ ತಗ್ಗಿಸಿ ಪುಸ್ತಕದ ಅಂಚನ್ನು ಮಡಿಸತೊಡಗಿದ. ಅವನು ಭೋವಿ ಕಾಲೊನಿಯಿಂದ ಬರುವವನೆಂಬುದು ನನಗೆ ತಿಳಿದಿತ್ತು. ನಕ್ಕವರನ್ನು ತಡೆಯಬೇಕಾಗಿತ್ತು. ನಾನು ಕೇಳಿಸದವನಂತೆ ಹಾಡಿನ ಲಯದ ವಿಚಾರಕ್ಕೆ ಹೊರಳಿಕೊಂಡೆ. ಅದೇ ವಾರ ತಾಂಡಾದಿಂದ ಬರುವ ಹುಡುಗಿಯೊಬ್ಬಳು ಬಿ.ಟಿ. ಲಲಿತಾ ನಾಯಕರ ‘ನಂ ರೂಪ್ಲಿ’ಯನ್ನು ಕುರಿತು ಪ್ರಬಂಧ ಓದಿದಳು. “ಇವರು ನಮ್ಮ ತಾಲ್ಲೂಕಿನವರೇ ಸಾರ್” ಎಂದು ಮೊದಲು ಹೇಳಿ, ಆಮೇಲೆ ಓದಲಾರಂಭಿಸಿದಳು. ತಗ್ಗಿದ ಆ ತಲೆ, ಎತ್ತಿದ ಈ ತಲೆ ಎರಡೂ ಒಟ್ಟಿಗೇ ನನ್ನ ಮನಸ್ಸಿನಲ್ಲಿ ಉಳಿದುವು. ಈ ಲೇಖನ ಅವೆರಡರ ನಡುವಣ ಅಂತರವನ್ನು ಅಳೆಯುವ ಒಂದು ಪ್ರಯತ್ನ.

ಒಡ್ಡರೂ ಲಂಬಾಣಿಗಳೂ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೆ ಹೊರಗಿನಿಂದ ಬಂದವರು. ಒಬ್ಬರ ಮನೆಮಾತು ತೆಲುಗು. ಇನ್ನೊಬ್ಬರದು ಉತ್ತರದೇಶದ ಭಾಷೆಗಳ ಬಳಗಕ್ಕೆ ಸೇರಿದ ಗೋರ್ ಬೋಲಿ. ಒಬ್ಬರು ಅಗೆಯುವುದಕ್ಕೆ ಬಂದರು, ಇನ್ನೊಬ್ಬರು ಹೊರುವುದಕ್ಕೆ ಬಂದರು. ಊರಿನವರು ಇಬ್ಬರಿಗೂ ಊರ ಹೊರಗೇ ಜಾಗ ತೋರಿಸಿದರು. ಹಳೆಯ ಮೈಸೂರು ಸೀಮೆಯಲ್ಲಿ 1950ರ ಪರಿಶಿಷ್ಟ ಜಾತಿಗಳ ಪಟ್ಟಿ ಇಬ್ಬರನ್ನೂ ಒಟ್ಟಿಗೇ ಸೇರಿಸಿಕೊಂಡಿತು. 1976ರ ತಿದ್ದುಪಡಿಯಿಂದ ಅದು ಇಡೀ ರಾಜ್ಯಕ್ಕೆ ಅನ್ವಯಿಸಿತು. ಕಾಯಿದೆಯ ಕಣ್ಣಿಗೆ ಇಬ್ಬರೂ ಒಂದೇ ಸಾಲಿನವರು. ಬದುಕಿನಲ್ಲಿ ಅವರು ಹಿಡಿದ ದಾರಿಗಳು ಒಂದೇ ಅಲ್ಲ.

ಲಂಬಾಣಿಯ ಕಥೆ ಎತ್ತಿನ ಕಥೆ. ಹೇರೆತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಕರಾವಳಿಗೂ ಬಯಲಿಗೂ ನಡುವೆ ತಿರುಗಾಡಿದ ಜನ ಇವರು. ‘ಲವಣ’ದಿಂದಲೇ ಈ ಹೆಸರು ಬಂತೆನ್ನುವವರೂ ಉಂಟು. ದಂಡು ಹೋದಲ್ಲಿಗೆ ಇವರ ಹಿಂಡು ಹೋಗುತ್ತಿತ್ತು. 1791–92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯವೂ ಇವರು ತಂದ ಧಾನ್ಯವನ್ನು ಉಂಡಿತು. ಆಮೇಲೆ ರೈಲು ಬಂತು. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ದಾರಿ 1889ರಲ್ಲಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಯಿತು. 1899ರಲ್ಲಿ ಬೀರೂರಿನಿಂದ ಕವಲೊಡೆದ ದಾರಿ ತರೀಕೆರೆಯ ಮೇಲೆ ಶಿವಮೊಗ್ಗವನ್ನು ಮುಟ್ಟಿತು. ನೂರು ಎತ್ತುಗಳು ಹದಿನೈದು ದಿನ ನಡೆದು ಮುಟ್ಟಿಸುವ ಸರಕನ್ನು ಒಂದು ಗೂಡ್ಸು ಗಾಡಿ ಒಂದು ರಾತ್ರಿಯಲ್ಲಿ ಮುಟ್ಟಿಸುವಾಗ ಹೇರೆತ್ತಿಗೆ ಕೆಲಸವೆಲ್ಲಿ? ಇದೇ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಸೈನ್ಯದ ಸಾಗಣೆಗೆಂದು ಮೈಸೂರಿನ ಅರಸರು ಬೆಳೆಸಿದ ಆ ದನಗಳಿಗೆ, ಯುದ್ಧಗಳು ಮುಗಿದ ಮೇಲೂ ಮೇಯಲು ಕಾವಲುಗಳು ಉಳಿದುವು. ಸರ್ಕಾರದ ಎತ್ತಿಗಿದ್ದ ಆಶ್ರಯ ಲಂಬಾಣಿಯ ಎತ್ತಿಗಿರಲಿಲ್ಲ. ಎತ್ತು ಹೋಯಿತು, ದಾರಿ ಹೋಯಿತು. ನಡೆಯುತ್ತಿದ್ದ ತಾಂಡಾ ನಿಂತಲ್ಲೇ ಊರಾಯಿತು.

ಅದೇ ರೈಲು ಒಡ್ಡರ ಪಾಲಿಗೆ ಬೇರೆಯೇ ಆಗಿ ಬಂತು. ಹಳಿ ಹಾಸಲು ಏರಿ ಬೇಕು, ಏರಿಗೆ ಮಣ್ಣು ಬೇಕು, ಸೇತುವೆಗೆ ಕಲ್ಲು ಬೇಕು. ಒಡ್ಡರಲ್ಲಿ ಮಣ್ಣೊಡ್ಡರು, ಕಲ್ಲೊಡ್ಡರು ಎಂಬ ಎರಡು ಪಂಗಡಗಳಿರುವುದು ಸುಪ್ರಸಿದ್ಧ. ಹೊಸ ಕಾಲಕ್ಕೆ ಎರಡೂ ಬೇಕಾದುವು. ಅರಸರ ಕೆರೆಗಳು ಮುಗಿದರೆ ಸರ್ಕಾರದ ರಸ್ತೆ, ರಸ್ತೆ ಮುಗಿದರೆ ನಾಲೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ 1947ರಲ್ಲಿ ಭದ್ರಾ ಅಣೆಕಟ್ಟಿನ ಕೆಲಸ ಮೊದಲಾಗಿ 1960ರ ದಶಕದವರೆಗೂ ನಡೆಯಿತು. ಕಲ್ಲು ಒಡೆಯಬಲ್ಲ ತೋಳಿಗೆ ಕೆಲಸದ ಕೊರತೆಯಿರದ ಕಾಲವದು. ಲಂಬಾಣಿಯ ಕೈಯಿಂದ ಕಸಬನ್ನು ಕಿತ್ತುಕೊಂಡ ಯುಗ ಒಡ್ಡನ ಕೈಗೆ ಗುದ್ದಲಿಯನ್ನು ಇನ್ನಷ್ಟು ಭದ್ರವಾಗಿ ಹಿಡಿಸಿತು. ಅವನ ಸರದಿ ಬಂದದ್ದು ಸುಮಾರು ನೂರು ವರ್ಷ ತಡವಾಗಿ. ಈಚೆಗೆ ಭದ್ರಾ ಮೇಲ್ದಂಡೆ ಯೋಜನೆಗಾಗಿ ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರಿನ ಸುರಂಗವನ್ನು ಕೊರೆದರು, ಕೊರೆದದ್ದು ಯಂತ್ರ. ಇಂದು ಹೊಲದ ಬದು ಹಾಕುವುದಕ್ಕೂ ಜೆಸಿಬಿ ಬರುತ್ತದೆ.

ಈ ಎರಡು ಬದುಕುಗಳ ಲಾಭನಷ್ಟದ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ಮಾಡಲಿ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ತೋರುವುದು ಇಷ್ಟು. ಲಂಬಾಣಿ ಬೇಗ ಪೆಟ್ಟು ತಿಂದ; ಹಳೆಯ ಕಸಬು ಇನ್ನು ಅನ್ನ ಹಾಕದೆಂದು ಬೇಗ ಅರಿತ; ಬೇಸಾಯ, ಕೂಲಿ, ಶಾಲೆ, ರಾಜಕೀಯ ಎಂದು ನಾಲ್ಕು ಬಾಗಿಲುಗಳನ್ನೂ ತಟ್ಟಬೇಕಾಯಿತು. ಒಡ್ಡನ ಕಸಬು ಬಹುಕಾಲ ಅವನನ್ನು ಸಾಕಿತು; ಸಾಕಿದ್ದರಿಂದಲೇ ಅವನನ್ನು ಬಿಡಲಿಲ್ಲ. ಮಗ ಸುತ್ತಿಗೆ ಹಿಡಿದರೆ ಸಂಜೆಗೆ ಕೂಲಿ ಸಿಗುವ ಮನೆಯಲ್ಲಿ ಸ್ಲೇಟು ಹಿಡಿಸುವುದು ಕಷ್ಟ. ಇದು ಎಲ್ಲರಿಗೂ ಹೊಂದುವ ಮಾತೆಂದು ನಾನು ಸಾಧಿಸುವುದಿಲ್ಲ. ಒಡ್ಡರಲ್ಲಿ ಗುತ್ತಿಗೆದಾರರಾಗಿ ಏಳಿಗೆ ಹೊಂದಿದವರುಂಟು, ಅಧಿಕಾರದ ಸ್ಥಾನಕ್ಕೇರಿದವರುಂಟು. ವರ್ಷದ ಅರ್ಧವನ್ನು ಕಾಫಿ ತೋಟಗಳಲ್ಲಿಯೂ ಪಟ್ಟಣದ ಕಟ್ಟಡಗಳ ನೆರಳಿನಲ್ಲಿಯೂ ಕಳೆಯುವ ಲಂಬಾಣಿ ಕುಟುಂಬಗಳೂ ಉಂಟು. ಆದರೆ ಅಕ್ಷರದ ಲೋಕದಲ್ಲಿ ಈ ಇಬ್ಬರಿಗೆ ದೊರೆತ ಸ್ಥಾನವನ್ನು ಹೋಲಿಸುವಾಗ ಈ ವಿವರಣೆ ನನಗೆ ಬೆಳಕು ಕೊಟ್ಟಿದೆ.

ಈಗ ಮತ್ತೆ ಹಾಡಿಗೆ ಬರೋಣ. ಮದಗದ ಕೆರೆಯ ಹಾಡಿನಲ್ಲಿ ಮಾತಾಡುವವಳು ನೀರೇ. ಏರಿಯ ಮೇಲಿರುವ ಬಲ್ಲಾಳರಾಯನನ್ನು ಅವಳು ಕೂಗುತ್ತಾಳೆ. ಕೆರೆಯೊಳಗಿರುವ ಬೆಸ್ತರ ಹುಡುಗನನ್ನೂ ಕೂಗುತ್ತಾಳೆ. ತಾನು ನಿಲ್ಲಲಾರೆನೆಂದು ಮತ್ತೆ ಮತ್ತೆ ಎಚ್ಚರಿಸುತ್ತಾಳೆ. ನಿಲ್ಲಿಸಬೇಕಾದರೆ ಏನೇನು ಮಾಡಬೇಕೆಂಬುದನ್ನೂ ಅವಳೇ ಹೇಳಿಕೊಡುತ್ತಾಳೆ. ಪ್ರಚಲಿತ ಪಾಠದಲ್ಲಿ ಒಡ್ಡರ ಸಂಖ್ಯೆ ಆರು ಸಾವಿರ, ಗುದ್ದಲಿಗಳ ಸಂಖ್ಯೆ ಮೂರು ಸಾವಿರ. ಮುಂದಿನ ನುಡಿಯಲ್ಲಿ ಬಲಿಗೆ ಬೇಕಾದ ಕುರಿಗಳ ಸಂಖ್ಯೆಯೂ ಆರು ಸಾವಿರ, ಕುಡುಗೋಲುಗಳ ಸಂಖ್ಯೆಯೂ ಮೂರು ಸಾವಿರ! ಎರಡು ನುಡಿಗಳ ಅಚ್ಚು ಒಂದೇ. ಒಡ್ಡ ಇದ್ದಲ್ಲಿ ಕುರಿ, ಗುದ್ದಲಿ ಇದ್ದಲ್ಲಿ ಕುಡುಗೋಲು. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ‘ಜನಪದದ ಸಹಜ ಪುನರಾವೃತ್ತಿ’ ಎಂದು ಕೊಂಡಾಡಿದ್ದೇನೆ. ಹಾಡಿನ ಸೌಂದರ್ಯವನ್ನು ಈಗಲೂ ನಾನು ಅಲ್ಲಗಳೆಯುವುದಿಲ್ಲ. ನೀರಿನ ಸೊಕ್ಕನ್ನು ಇಷ್ಟು ಚೆನ್ನಾಗಿ ಕಂಡರಿಸಿದ ಪದ್ಯಗಳು ನಮ್ಮಲ್ಲಿ ಕೆಲವೇ. ಹಾಡು ಕಟ್ಟಿದವರು ದುಷ್ಟರೂ ಅಲ್ಲ. ಅವರು ಕಂಡದ್ದನ್ನು ಹೇಳಿದರು. ಅವರಿಗೆ ಒಡ್ಡರು ಗುಂಪಾಗಿ ಕಂಡರು. ಕೆಲಸ ಮುಗಿದೊಡನೆ ಹಾಡಿನಿಂದ ಮರೆಯಾದರು. ಬೆಸ್ತರ ಹುಡುಗನೊಬ್ಬನನ್ನು ಕರೆಯುವ ನೀರು ಒಬ್ಬ ಒಡ್ಡನನ್ನೂ ಬಿಡಿಯಾಗಿ ಕರೆಯಲಿಲ್ಲ.

ತರಗತಿಯ ನಗೆಗೂ ಹಳೆಯ ವಂಶಾವಳಿಯುಂಟು. 15ನೆಯ ಶತಮಾನದಲ್ಲಿ ಮೈದಳೆದ ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬರುವ ಪ್ರಸಂಗವನ್ನು ವಾಚಕರು ನೆನೆಯಬಹುದು. ಅಲ್ಲಿ ಸಿದ್ಧರಾಮ ಕೆರೆ ಕಟ್ಟಿಸುವುದರಲ್ಲಿ ಮುಳುಗಿದ್ದಾನೆ. ಅಲ್ಲಮ ಅವನನ್ನು ‘ಒಡ್ಡರಾಮ’ ಎಂದು ಕರೆದು ಕೆಣಕುತ್ತಾನೆ. ಕೆಲಸಗಾರರು ಕೆರಳಿ ಅಲ್ಲಮನ ಮೇಲೆ ಕಲ್ಲು ಬೀರುತ್ತಾರೆ. ಅಲ್ಲಮನ ಉದ್ದೇಶ ಜಾತಿನಿಂದೆಯಲ್ಲ, ಹೊರಗಣ ಕಾಯಕದಲ್ಲೇ ಕಳೆದುಹೋದ ಯೋಗಿಯನ್ನು ಒಳಕ್ಕೆ ಕರೆಯುವುದು ಎಂದು ನಾವು ವಿವರಿಸುತ್ತೇವೆ. ವಿವರಣೆ ಸರಿಯೇ. ಆದರೂ ಕೆಣಕುವುದಕ್ಕೆ ಆ ಪದವೇ ಒದಗಿತಲ್ಲ! ಒಡ್ಡು ಕಟ್ಟುವವನ ಹೆಸರು ಒರಟನೆಂಬ ಬಯ್ಗುಳವಾಗಿ ನಮ್ಮ ಮಾತಿನಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಆ ಸಮುದಾಯದವರು ‘ಭೋವಿ’ ಎಂಬ ಹೆಸರನ್ನು ಬಯಸಿ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಅರ್ಥಪೂರ್ಣ. ಕೆಣಕುನುಡಿಗೆ ಗುರಿಯಾದ ಆ ಸಿದ್ಧರಾಮನನ್ನೇ ಅವರು ಇಂದು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಚಿತ್ರದುರ್ಗದಲ್ಲಿ ಅವನ ಹೆಸರಿನ ಗುರುಪೀಠವಿದೆ. ಸಂಕ್ರಾಂತಿಯ ಹೊತ್ತಿಗೆ ಅವನ ಜಯಂತಿ ನಡೆಯುತ್ತದೆ. ಹಾಡಿನಲ್ಲಿ ಹೆಸರಿಲ್ಲದವರು ವಚನ ಸಾಹಿತ್ಯದಲ್ಲಿ ಒಂದು ಹೆಸರನ್ನು ಹುಡುಕಿಕೊಂಡಿದ್ದಾರೆ. ವಿಮರ್ಶಕರು ಮಾಡಬೇಕಾಗಿದ್ದ ಕೆಲಸವನ್ನು ಜನರೇ ಮಾಡಿಕೊಂಡರೆನ್ನಬಹುದು.

ಲಂಬಾಣಿಗಳಿಗೂ ಗುರುವುಂಟು. ಸೂರಗೊಂಡನಕೊಪ್ಪದಲ್ಲಿ 1739ರಲ್ಲಿ ಹುಟ್ಟಿದನೆಂದು ಅವರು ನಂಬುವ ಸೇವಾಲಾಲನ ಹಾಡುಗಳು ತಾಂಡಾಗಳಲ್ಲಿ ಬಾಯಿಂದ ಬಾಯಿಗೆ ಬಂದಿವೆ. ಆದರೆ ನನ್ನ ವಿದ್ಯಾರ್ಥಿನಿಯ ತಲೆಯನ್ನು ಎತ್ತಿಸಿದ್ದು ಅಚ್ಚಾದ ಒಂದು ಕನ್ನಡ ಪುಸ್ತಕ. ಬಿ.ಟಿ. ಲಲಿತಾ ನಾಯಕರು 1945ರಲ್ಲಿ ಹುಟ್ಟಿದ್ದು ಕಡೂರು ತಾಲ್ಲೂಕಿನ ತಂಗಲಿ ತಾಂಡಾದಲ್ಲಿ. ಬಂಡಾಯ ಸಾಹಿತ್ಯದ ಮುಂಚೂಣಿಯಲ್ಲಿದ್ದು ಕಥೆ, ಕಾದಂಬರಿ, ಕವಿತೆಗಳನ್ನು ಬರೆದವರು. 1990ರ ದಶಕದಲ್ಲಿ ರಾಜ್ಯದ ಮಂತ್ರಿಯೂ ಆಗಿದ್ದವರು. ಅವರ ಕೃತಿಗಳ ಗುಣದೋಷಗಳ ಪೂರ್ಣ ವಿಮರ್ಶೆ ಇಲ್ಲಿ ನನ್ನ ಉದ್ದೇಶವಲ್ಲ. ಒಂದು ಶೀರ್ಷಿಕೆಯನ್ನು ಮಾತ್ರ ನೋಡೋಣ: ‘ನಂ ರೂಪ್ಲಿ’. ‘ನಂ’ ಎಂಬುದು ಮನೆಯ ಮಾತು. ಹೇಳುವವಳು ಹೊರಗೆ ನಿಂತಿಲ್ಲವೆಂದು ಆ ಒಂದು ಅಕ್ಷರ ಸಾರುತ್ತದೆ. ‘ರೂಪ್ಲಿ’ ಎಂಬುದು ತಾಂಡಾದ ಹೆಣ್ಣಿನ ಹೆಸರು. ಇವಳು ಸಾವಿರದಲ್ಲಿ ಒಬ್ಬಳಲ್ಲ, ಇವಳೇ ಎಂದು ಅದು ಸಾರುತ್ತದೆ. ಹಾಡಿನ ಆರು ಸಾವಿರಕ್ಕೂ ಈ ಒಂದಕ್ಕೂ ನಡುವೆ ಇರುವ ದೂರವೇ ನಾನು ಅಳೆಯಹೊರಟ ದೂರ. ಗೋರ್ ಬೋಲಿಗೆ ಸ್ವಂತ ಲಿಪಿಯಿಲ್ಲ. ಅವರು ಬರೆದದ್ದು ನೆರೆಯವರ ಭಾಷೆಯಲ್ಲಿ. ವಲಸೆ ಬಂದವರ ಮೊಮ್ಮಗಳು ನೆಲದವರ ನುಡಿಯನ್ನು ಕಲಿತು, ಆ ನುಡಿಯಲ್ಲೇ ತನ್ನವರನ್ನು ಹೆಸರಿಟ್ಟು ಕರೆದಾಗ ಕನ್ನಡದ ಅಂಗಳ ಒಂದು ಮಾರು ಹಿಗ್ಗಿತು.

ಪುಸ್ತಕದಿಂದ ಹೊಟ್ಟೆ ತುಂಬೀತೆ ಎಂದು ಕೇಳುವವರಿದ್ದಾರೆ. ತುಂಬುವುದಿಲ್ಲ. ಒಬ್ಬ ಲೇಖಕಿ ಮೂಡಿದ್ದರಿಂದ ತಾಂಡಾಗಳ ಬಡತನ ಹೋಗಲಿಲ್ಲ. ಅದೂ ಅಲ್ಲದೆ ಲಂಬಾಣಿಗೆ ಬೇರೊಂದು ಅಪಾಯ ಕಾದಿದೆ. ಕನ್ನಡಿ ಚೂರು ಹೊಲಿದ ಆ ಲಂಗ, ಆ ಕಸೂತಿ ನಮ್ಮ ಪಟ್ಟಣಿಗರಿಗೆ ಬಹಳ ಪ್ರಿಯ. ಶಾಲಾ ವಾರ್ಷಿಕೋತ್ಸವಗಳಲ್ಲಿ ಅದನ್ನು ಬಾಡಿಗೆಗೆ ತಂದು ಮಕ್ಕಳಿಗೆ ತೊಡಿಸುತ್ತೇವೆ. ಉಡುಪನ್ನು ಮೆಚ್ಚುವವರೆಲ್ಲ ಉಟ್ಟವಳನ್ನು ಬಲ್ಲರೆಂದಲ್ಲ. ಒಡ್ಡರು ಏರಿಯ ಮಣ್ಣಿನೊಳಗೆ ಮರೆಯಾದರೆ ಲಂಬಾಣಿ ಬಣ್ಣದೊಳಗೆ ಮರೆಯಾಗಬಹುದು. ಹಾಗಾಗದಂತೆ ತಡೆಯುವುದು ರೂಪ್ಲಿಯಂಥವಳ ಹೆಸರು. ಕೂಲಿ, ಶಾಲೆ, ನಿವೇಶನಗಳ ಲೆಕ್ಕದ ಜೊತೆಗೆ ಈ ಲೆಕ್ಕವೂ ಇರಬೇಕೆಂಬುದಷ್ಟೆ ನನ್ನ ವಾದ: ಬಂದವರ ಮಕ್ಕಳು ತರಗತಿಯಲ್ಲಿ ತಮ್ಮ ಹೆಸರು ಕೇಳಿದಾಗ ತಲೆ ಎತ್ತುತ್ತಾರೋ, ತಗ್ಗಿಸುತ್ತಾರೋ?

ಈ ವರ್ಷ ಮದಗದ ಕೆರೆಯ ಹಾಡನ್ನು ಮತ್ತೆ ಪಾಠ ಮಾಡಿದೆ. ಆರು ಸಾವಿರದ ಮಾತು ಬಂದಾಗ ಲಯದ ಕಡೆಗೆ ಹೊರಳಲಿಲ್ಲ. ಎರಡು ನುಡಿಗಳನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು, ಒಡ್ಡರೂ ಕುರಿಗಳೂ ಒಂದೇ ಅಚ್ಚಿನಲ್ಲಿ ಏಕೆ ಬಂದಿದ್ದಾರೆಂದು ಕೇಳಿದೆ. ಯಾರೂ ನಗಲಿಲ್ಲ. ಹಿಂದಿನ ವರ್ಷದ ಆ ಹುಡುಗ ಪರೀಕ್ಷೆ ಮುಗಿಸಿ ಹೋಗಿಯಾಗಿತ್ತು. ಅವನು ಎದುರಿಗಿದ್ದಾಗಲೇ ನಾನು ಈ ಪ್ರಶ್ನೆಯನ್ನು ಕೇಳಬೇಕಾಗಿತ್ತು.