ಮೇಲಿನ ಹೊಗೆ, ನೆಲದ ಗಾಳಿ

ಕಾಡ್ಗಿಚ್ಚಿನ ಹೊಗೆಯ ಹರವನ್ನು ತೋರಿಸಲು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ ದಿನವೂ ಹೊರತರುವ ನಕ್ಷೆಯಲ್ಲಿ ಹೊಗೆಯ ಗಡಿರೇಖೆಗಳನ್ನು ಎಳೆಯುವವರು ಬಹುಮಟ್ಟಿಗೆ ಉಪಗ್ರಹ ಚಿತ್ರಗಳನ್ನು ಓದಬಲ್ಲ ತಜ್ಞರೇ. ಗಣಕಯಂತ್ರದ ಈ ಕಾಲದಲ್ಲಿ ಇದು ಹಳೆಯ ಪದ್ಧತಿಯಂತೆ ತೋರಬಹುದಾದರೂ ನಕ್ಷೆಯ ನಿಜವಾದ ಬಲ ಇರುವುದು ಇಲ್ಲಿಯೇ. ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿಯ ಆವರ್ತನಕ್ಕೆ ಹೊಂದಿಕೊಂಡು ಸುತ್ತುತ್ತ, ಒಂದೇ ಪ್ರದೇಶದ ಮೇಲೆ ನಿಂತಂತೆ ಕಾಣುವ ಗೋಸ್ ಎಂಬ ಭೂಸ್ಥಿರ ಉಪಗ್ರಹಗಳು ಅಮೆರಿಕದ ಭೂಭಾಗದ ಚಿತ್ರವನ್ನು 5 ನಿಮಿಷಕ್ಕೊಮ್ಮೆ ಕಳುಹಿಸುತ್ತವೆ. ಬಿಡಿ ಚಿತ್ರದಲ್ಲಿ ತೆಳು ಹೊಗೆಯನ್ನೂ ಮೋಡದ ಅಂಚನ್ನೂ ಬೇರ್ಪಡಿಸುವುದು ಕಷ್ಟ. ಚಿತ್ರಗಳನ್ನು ಸಾಲಾಗಿ ಓಡಿಸಿದಾಗಲಾದರೋ, ಬೆಂಕಿಯ ತಾಣದಿಂದ ಎಳೆಎಳೆಯಾಗಿ ಹೊರಟು ಗಾಳಿಯೊಡನೆ ಬಾಗುವ ಬೂದು ಪಟ್ಟಿ ಸ್ಪಷ್ಟವಾಗಿ ಗೋಚರಿಸುತ್ತದೆ. ಹೊಗೆಯ ಸೂಕ್ಷ್ಮಕಣಗಳು ಬೆಳಕನ್ನು ಅದು ಸಾಗುತ್ತಿರುವ ದಿಕ್ಕಿಗೇ ಹೆಚ್ಚಾಗಿ ಚದುರಿಸುವುದರಿಂದ, ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಹೊಳೆಯುವ ಹೊಗೆಯೇ ನಡುಹಗಲಿನಲ್ಲಿ ನೆಲದ ಬಣ್ಣದಲ್ಲಿ ಕರಗಿಹೋಗುತ್ತದೆ; ಹೀಗೆ ಮರೆಯಾದದ್ದು ಇಲ್ಲವಾದದ್ದಲ್ಲವೆಂದು ಪಳಗಿದ ಕಣ್ಣು ಅರಿಯುತ್ತದೆ.

ರಾತ್ರಿಯಲ್ಲೂ ದಟ್ಟ ಮೋಡದ ಅಡಿಯಲ್ಲೂ ಈ ಕಣ್ಣು ಸೋಲುತ್ತದೆ. ಆದರೆ ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಮೇಲಿನಿಂದ ನೋಡುವ ಚಿತ್ರಕ್ಕೆ ಹೊಗೆ ಯಾವ ಎತ್ತರದಲ್ಲಿದೆಯೆಂಬುದು ತಿಳಿಯದು. 2023ರ ಜೂನ್ 7ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕಾಡುಗಳ ಹೊಗೆ ನ್ಯೂಯಾರ್ಕ್ ನಗರಕ್ಕೆ ಇಳಿದು, ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಗಾಳಿಯ ಗುಣಮಟ್ಟದ ಸೂಚ್ಯಂಕ 400ನ್ನು ದಾಟಿತು. ಅದೇ ತಿಂಗಳ ಕೊನೆಗೆ ಕೆನಡಾದ ಹೊಗೆ ಅಟ್ಲಾಂಟಿಕ್ ದಾಟಿ ಯುರೋಪನ್ನು ಮುಟ್ಟಿತಾದರೂ, ಬಹುಪಾಲು ಮೇಲಿನ ಪದರಗಳಲ್ಲೇ ಸಾಗಿದ್ದರಿಂದ ಅಲ್ಲಿನ ಸೂರ್ಯಾಸ್ತಗಳು ಕೆಂಪೇರಿದವೇ ಹೊರತು ಜನರು ಉಸಿರಾಡುವ ಗಾಳಿ ನ್ಯೂಯಾರ್ಕಿನಂತೆ ಕೆಡಲಿಲ್ಲ.

ಈ ವ್ಯತ್ಯಾಸವನ್ನು ನಕ್ಷೆಯ ತೆಳು, ಮಧ್ಯಮ, ದಟ್ಟ ಎಂಬ ಮೂರು ದರ್ಜೆಗಳು ಹೇಳಲಾರವು. ಹಿಂದೆ ಇವಕ್ಕೆ ಘನ ಮೀಟರಿಗೆ 5, 16 ಮತ್ತು 27 ಮೈಕ್ರೋಗ್ರಾಂ ಎಂಬ ಅಂದಾಜು ಪ್ರಮಾಣಗಳನ್ನು ಜೋಡಿಸಿದ್ದುದು ಸರಿಯಾದ ಕ್ರಮವಾಗಿರಲಿಲ್ಲ. ಆಕಾರ ಮತ್ತು ಚಲನೆಯನ್ನು ನೋಡಿ ಕಣ್ಣು ಮಾಡಿದ ತೀರ್ಮಾನಕ್ಕೆ ಅಂಕಿಯ ವೇಷ ತೊಡಿಸಿದರೆ, ಓದುವವರು ಅದನ್ನು ನೆಲದಲ್ಲಿ ಅಳೆದ ಮೌಲ್ಯವೆಂದೇ ನಂಬುತ್ತಾರೆ. ಆಸ್ತಮಾ ಇರುವ ಮಗುವನ್ನು ಹೊರಗೆ ಆಡಲು ಬಿಡಬೇಕೇ ಎಂದು ತಾಯಿಯೊಬ್ಬಳು ನಕ್ಷೆ ನೋಡಿ ನಿರ್ಧರಿಸುವಾಗ ಇಂಥ ತಪ್ಪು ಸಣ್ಣದಲ್ಲ.

ಎತ್ತರವನ್ನು ಅಳೆಯುವ ಸಾಧನಗಳು ಇಲ್ಲವೆಂದಲ್ಲ. 2006ರಿಂದ 2023ರವರೆಗೆ ಕೆಲಸ ಮಾಡಿದ ಕ್ಯಾಲಿಪ್ಸೊ ಉಪಗ್ರಹವು ಲೇಸರ್ ಕಿರಣವನ್ನು ಕೆಳಕ್ಕೆ ಹಾಯಿಸಿ, ಮರಳಿ ಬಂದ ಬೆಳಕಿನಿಂದ ಹೊಗೆಯ ಪದರಗಳ ಎತ್ತರವನ್ನು ಲೆಕ್ಕಹಾಕುತ್ತಿತ್ತು. ಆದರೆ ತನ್ನ ಹಾದಿಯ ಕೆಳಗಿನ ಕಿರಿದಾದ ಗೆರೆಯ ಆಚೆಗೆ ಅದಕ್ಕೆ ಏನೂ ಕಾಣುತ್ತಿರಲಿಲ್ಲ. ಆದ್ದರಿಂದ ನೋವಾದ ಹೊಗೆಯ ಗಡಿಗಳ ಜೊತೆಗೇ ನೆಲದ ಮಾಪಕಗಳ ಅಳತೆಯನ್ನೂ ತೋರಿಸುವ ಏರ್‌ನೌ ನಕ್ಷೆಯ ಕ್ರಮವೇ ಹೆಚ್ಚು ಪ್ರಾಮಾಣಿಕವಾದುದು. ಅಲ್ಲಿ ಊರೊಂದರ ಮೇಲೆ ಬೂದು ಹೊದಿಕೆಯಿದ್ದೂ ಮಾಪಕದ ಚುಕ್ಕೆ ಹಸಿರಾಗಿಯೇ ಇದ್ದರೆ ಹೊಗೆ ಇನ್ನೂ ತಲೆಯ ಮೇಲೆಯೇ ಸಾಗುತ್ತಿದೆಯೆಂದೂ, ಹಸಿರು ಹಳದಿಯಾಗಿ ಕೆಂಪಿಗೆ ತಿರುಗತೊಡಗಿದರೆ ಅದು ಬೀದಿಗೆ ಇಳಿಯುತ್ತಿದೆಯೆಂದೂ ಯಾರು ಬೇಕಾದರೂ ಓದಿಕೊಳ್ಳಬಹುದು.